ಉಳಿ ಪೆಟ್ಟಿಗೆ: ಅಂಟು ಹಾಕುವ ಮೊದಲು ಒಂದು ನೋಟ

ಪೆಟ್ಟಿಗೆಯ ನಾಲ್ಕು ಮೂಲೆಗಳೂ ಕೂಡಿವೆ. ಅಂಟು ಇನ್ನೂ ಹಾಕಿಲ್ಲ, ಬರೀ ಕಚ್ಚಿಕೊಂಡೇ ನಿಂತಿದೆ. ಈ ಹಂತದಲ್ಲೇ ಮರಗೆಲಸದ ಗೆಳೆಯರಿಗೆ ತೋರಿಸಬೇಕು ಅಂತ ಶುರುವಿನಲ್ಲೇ ಅಂದುಕೊಂಡಿದ್ದೆ. ಅಂಟು ಒಣಗಿ, ಎಣ್ಣೆ ಹಚ್ಚಿದ ಮೇಲೆ ಕೆಲಸದ ಮುಖ್ಯ ಭಾಗವೇ ಮುಚ್ಚಿಹೋಗುತ್ತದೆ. ಜೋಡಣೆಯ ಒಳಮೈ ಹೇಗಿದೆ, ಗ್ರೂವ್ (ಹಲಗೆ ಕೂರಲು ಕೊರೆದ ಉದ್ದನೆಯ ಕಾಲುವೆ) ಎಲ್ಲಿ ನಿಂತಿದೆ, ಹಲಗೆಯ ಯಾವ ಮುಖ ಒಳಗೆ ಹೋಗಿದೆ, ಯಾವುದೂ ಕಾಣುವುದಿಲ್ಲ. ನೋಡಿದವರು ‘ಚೆನ್ನಾಗಿದೆ’ ಅನ್ನುತ್ತಾರೆ. ಖುಷಿಯಾಗುತ್ತದೆ ನಿಜ. ಆದರೆ ಅವರಿಗೂ ನನಗೂ ಅದರಿಂದ ಹೊಸದೇನೂ ಗೊತ್ತಾಗುವುದಿಲ್ಲ.

ಉಳಿಗಳನ್ನು ಇಡಲು ಮಾಡುತ್ತಿರುವ ಪೆಟ್ಟಿಗೆ ಇದು. ಉದ್ದ 420 ಮಿ.ಮೀ., ಅಗಲ 260, ಎತ್ತರ 140. ಸುತ್ತಲಿನ ಹಲಗೆಗಳು ಹಲಸಿನವು, ದಪ್ಪ 14 ಮಿ.ಮೀ. ಮುಚ್ಚಳದ ಚೌಕಟ್ಟೂ ಹಲಸಿನದೇ. ಅದರ ನಡುವಿನ ಹಲಗೆ ಮಾತ್ರ ತೇಗ. ಹೊಸದಾಗಿ ಹೆರೆದ ಹಲಸಿನ ಹಳದಿ ಬಣ್ಣ ಬೆಳಕಿಗೆ ಕ್ರಮೇಣ ಕಂದಾಗುತ್ತದೆ. ತೇಗ ಮೊದಮೊದಲು ಮಚ್ಚೆ ಮಚ್ಚೆಯಾಗಿ ಕಂಡರೂ ಆಮೇಲೆ ಒಂದೇ ಸಮನಾದ ಹೊಂಬಣ್ಣಕ್ಕೆ ಬರುತ್ತದೆ. ಹಾಗಾಗಿ ಇವತ್ತಿನ ಬಣ್ಣ ನೋಡಿ ಈ ಜೋಡಿಯನ್ನು ಅಳೆಯಬೇಡಿ.

ಮೂಲೆಗಳಿಗೆ ಡವ್‌ಟೇಲ್ ಹಾಕಿದ್ದೇನೆ: ಒಂದು ಹಲಗೆಯ ತುದಿಯಲ್ಲಿ ಪಾರಿವಾಳದ ಬಾಲದಂತೆ ಅಗಲವಾಗುವ ಹಲ್ಲುಗಳು (ಬಾಲ), ಇನ್ನೊಂದರಲ್ಲಿ ಅವುಗಳ ನಡುವೆ ಕೂರುವ ಹಲ್ಲುಗಳು (ಪಿನ್). ಬಾಲಗಳು ಉದ್ದದ ಹಲಗೆಗಳಲ್ಲಿವೆ, ಪಿನ್‌ಗಳು ಗಿಡ್ಡ ಹಲಗೆಗಳಲ್ಲಿ. ಇದಕ್ಕೆ ಕಾರಣ ಹಿಡಿಗಳು. ಅವು ಗಿಡ್ಡ ಹಲಗೆಗಳ ಮೇಲೆ ಬರುತ್ತವೆ. ಪೆಟ್ಟಿಗೆ ಎತ್ತಿದಾಗ ಆ ಹಲಗೆಗಳು ಹೊರಕ್ಕೆ ಜಗ್ಗುತ್ತವೆ. ಬಾಲ ಉದ್ದದ ಹಲಗೆಯಲ್ಲಿದ್ದರೆ ಆ ಜಗ್ಗಾಟವನ್ನು ಮರದ ಆಕಾರವೇ ತಡೆಯುತ್ತದೆ, ಅಂಟಿನ ಮೇಲೆ ಭಾರ ಬೀಳುವುದಿಲ್ಲ. ಓರೆ ಎಷ್ಟಿರಬೇಕು ಅನ್ನುವುದಕ್ಕೆ ಹಳೆಯ ಲೆಕ್ಕವೊಂದಿದೆ: ಮೆತ್ತನೆ ಮರಕ್ಕೆ 1:6 (ಆರು ಪಾಲು ಉದ್ದಕ್ಕೆ ಒಂದು ಪಾಲು ಓರೆ), ಗಟ್ಟಿ ಮರಕ್ಕೆ 1:8. ಹಲಸು ತೀರಾ ಗಟ್ಟಿಯೂ ಅಲ್ಲ, ಮೆತ್ತಗೂ ಅಲ್ಲ. ಅದಕ್ಕೆ 1:7 ಇಟ್ಟುಕೊಂಡೆ. ಓರೆ ಜಾಸ್ತಿಯಾದರೆ ಬಾಲದ ಚೂಪು ಮೂಲೆಯಲ್ಲಿ ಮರದ ಎಳೆ ಗಿಡ್ಡವಾಗಿ, ಕೂಡಿಸುವಾಗಲೇ ಚಕ್ಕೆ ಏಳುತ್ತದೆ.

ಗೆರೆಗಳನ್ನೆಲ್ಲ ಪೆನ್ಸಿಲ್ ಬಿಟ್ಟು ಚಾಕುವಿನಲ್ಲೇ ಹಾಕಿದ್ದೇನೆ. ಪೆನ್ಸಿಲ್ ಗೆರೆಗೆ ಅದರದೇ ಒಂದು ದಪ್ಪ ಇರುತ್ತದೆ, ಅಲ್ವಾ? ಚಾಕುವಿನ ಗೆರೆ ಎಳೆಯನ್ನೇ ಕತ್ತರಿಸಿರುತ್ತದೆ. ಉಳಿಯ ಬಾಯಿ ತಾನಾಗಿ ಅದರೊಳಗೆ ಕೂರುತ್ತದೆ. ಹೊಸಬರು ಡವ್‌ಟೇಲ್ ಕಷ್ಟ ಅಂದಾಗಲೆಲ್ಲ ನಾನು ಮೊದಲು ಹೇಳುವುದು ಇದನ್ನೇ.

ಹತ್ತಿರದಿಂದ ನೋಡಬೇಕಾದ್ದು ತಳದ ಗ್ರೂವ್. ತಳಕ್ಕೆ 6 ಮಿ.ಮೀ. ಪ್ಲೈವುಡ್ ಕೂರುತ್ತದೆ. ಗ್ರೂವ್ ಅನ್ನು ಕೆಳಗಿನ ಬಾಲದ ಎತ್ತರಕ್ಕೆ ಸರಿಯಾಗಿ ಇಟ್ಟಿದ್ದೇನೆ. ಹೀಗಿಟ್ಟರೆ ಪಿನ್ ಹಲಗೆಯಲ್ಲಿ ಅದು ಈ ತುದಿಯಿಂದ ಆ ತುದಿಗೆ ಓಡಬಹುದು, ಬಾಯಿ ತೆರೆದ ಜಾಗವನ್ನು ಬಾಲವೇ ಮುಚ್ಚುತ್ತದೆ. ಬಾಲದ ಹಲಗೆಯಲ್ಲಿ ಮಾತ್ರ ತುದಿ ಮುಟ್ಟುವ ಮೊದಲೇ ನಿಲ್ಲಿಸಬೇಕು. ಇಲ್ಲದಿದ್ದರೆ ಹೊರಗಿನಿಂದ ಒಂದು ಚೌಕದ ತೂತು ಕಾಣುತ್ತದೆ. ಅಂಟು ಹಾಕಿದ ಮೇಲೆ ಈ ಉಪಾಯವನ್ನು ತೋರಿಸಲು ಆಗುವುದೇ ಇಲ್ಲ. ಪ್ಲೈವುಡ್ ಯಾಕೆ ಅಂತ ಕೆಲವರು ಕೇಳಬಹುದು. ಅದರ ಪದರಗಳು ಒಂದಕ್ಕೊಂದು ಅಡ್ಡವಾಗಿ ಇರುವುದರಿಂದ ಹಿಗ್ಗುವುದು ಕುಗ್ಗುವುದು ತೀರಾ ಕಡಿಮೆ. ಸುತ್ತಲೂ ಅಂಟು ಹಾಕಿ ಭದ್ರ ಮಾಡಬಹುದು. ಉಕ್ಕಿನ ಭಾರ ಹೊರುವ ತಳಕ್ಕೆ ಅದೇ ಸರಿ ಅನ್ನಿಸಿತು.

ಮುಚ್ಚಳದ ಹಲಗೆಯ ವಿಷಯ ಬೇರೆ. ಅದು ಪ್ಲೈವುಡ್ ಅಲ್ಲ, ಇಡಿಯ ಮರ, ಅಗಲ 190 ಮಿ.ಮೀ. ಮರ ಉದ್ದಕ್ಕೆ ಬಹುಮಟ್ಟಿಗೆ ಬದಲಾಗುವುದಿಲ್ಲ, ಅಡ್ಡಕ್ಕೆ ಬದಲಾಗುತ್ತದೆ. ಅದರಲ್ಲೂ ಬೆಳವಣಿಗೆಯ ಉಂಗುರಗಳ ಗುಂಟ ಆಗುವ ಬದಲಾವಣೆ, ಉಂಗುರಗಳಿಗೆ ಅಡ್ಡಲಾಗಿ ಆಗುವುದರ ಸುಮಾರು ಎರಡರಷ್ಟು. ತೇಗ ಈ ವಿಷಯದಲ್ಲಿ ಸಾಧು ಮರ. ಮರದೊಳಗಿನ ತೇವಾಂಶ ಶೇ. 1ರಷ್ಟು ಬದಲಾದರೆ ಅಗಲದಲ್ಲಿ ಸುಮಾರು ಶೇ. 0.2ರಷ್ಟು ವ್ಯತ್ಯಾಸ. ಒಣ ಹವೆಯಿಂದ ಮಳೆಗಾಲಕ್ಕೆ ತೇವಾಂಶ ಶೇ. 4ರಷ್ಟು ಏರಿತು ಅಂದುಕೊಳ್ಳಿ. 190 ಮಿ.ಮೀ. ಹಲಗೆ ಒಂದೂವರೆ ಮಿ.ಮೀ. ಹಿಗ್ಗುತ್ತದೆ. ಕೇಳಲು ಅಲ್ಪ. ಆದರೆ ಜಾಗ ಕೊಡದಿದ್ದರೆ ಚೌಕಟ್ಟಿನ ಮೂಲೆಯನ್ನೇ ಬಿಚ್ಚಿಬಿಡುವಷ್ಟು ಬಲ ಅದಕ್ಕಿದೆ. ನಾನು ಈಗ ಒಣ ಹವೆಯಲ್ಲಿ ಮಾಡುತ್ತಿರುವುದರಿಂದ ಹಿಗ್ಗುವುದಕ್ಕೆ ಒಟ್ಟು 2 ಮಿ.ಮೀ. ಜಾಗ ಬಿಟ್ಟಿದ್ದೇನೆ. ಮಳೆಯಲ್ಲಿ ಮಾಡುವವರು ಇದೇ ಅಳತೆ ಹಿಡಿಯಬೇಡಿ. ಆಗ ಹಲಗೆ ಮೊದಲೇ ಹಿಗ್ಗಿರುತ್ತದೆ, ಕುಗ್ಗಿದಾಗ ಗ್ರೂವ್‌ನಿಂದ ಆಚೆ ಬರದಂತೆ ನೋಡಿಕೊಳ್ಳಬೇಕು.

ತೇಗದ ಹಲಗೆಗೆ ಅಂಟು ಬೇಡವೇ ಬೇಡ. ಆ ಮರದಲ್ಲಿ ಎಣ್ಣೆಯ ಅಂಶ ಇರುವುದರಿಂದ ಅಂಟು ಸರಿಯಾಗಿ ಹಿಡಿಯುವುದೂ ಕಷ್ಟ. ಎರಡೂ ತುದಿಯ ನಡುಮಧ್ಯದಲ್ಲಿ ಒಳಗಿನಿಂದ ಒಂದೊಂದು ಸಣ್ಣ ಬಿದಿರಿನ ಮೊಳೆ ಹಾಕುತ್ತೇನೆ. ಆಗ ಹಲಗೆ ನಡುವಿನಲ್ಲೇ ನಿಂತು ಎರಡೂ ಕಡೆಗೆ ಸಮನಾಗಿ ಹಿಗ್ಗುತ್ತದೆ. ಇನ್ನೊಂದು ಮಾತು. ಈ ಹಲಗೆಗೆ ಎಣ್ಣೆ ಹಚ್ಚುವ ಕೆಲಸ ಚೌಕಟ್ಟು ಕೂಡಿಸುವ ಮೊದಲೇ ಆಗಬೇಕು. ಆಮೇಲೆ ಹಚ್ಚಿದರೆ, ಹಲಗೆ ಕುಗ್ಗಿದ ದಿನ ಅಂಚಿನಲ್ಲಿ ಎಣ್ಣೆ ಕಾಣದ ಬಿಳಿಚಿದ ಪಟ್ಟಿ ಹೊರಗೆ ಬರುತ್ತದೆ.

ಚೌಕಟ್ಟಿನ ಮೂಲೆ ನಮ್ಮ ಬಳಗದ ಗೆಳೆಯರೊಬ್ಬರಿಂದ ಕಲಿತದ್ದು. ಹೋದ ಸಲ ಸೇರಿದಾಗ ಅವರು ಒಂದು ಸ್ಟೂಲ್ ತಂದಿದ್ದರು. ಅರ್ಧ ಮಾಡಿದ್ದು. ಕಾಲುಗಳು ಬಿಡಿಬಿಡಿಯಾಗಿದ್ದವು. ಗೂಟ ಹೊಡೆಯಲು ಕಾಲಿನಲ್ಲಿ ಕೊರೆದ ತೂತಿಗೂ, ಕಾಲಿನೊಳಗೆ ಹೋಗುವ ನಾಲಗೆಯ (ಅಡ್ಡಪಟ್ಟಿಯ ತುದಿಯಲ್ಲಿ ತೆಳುವಾಗಿ ಕಡಿದ ಭಾಗದ) ತೂತಿಗೂ ಬೇಕೆಂದೇ ಒಂದು ಮಿ.ಮೀ. ಹೆಚ್ಚುಕಡಿಮೆ ಇಟ್ಟಿದ್ದರು. ನಾಲಗೆಯ ತೂತು ಭುಜದ (ನಾಲಗೆಯ ಬುಡದಲ್ಲಿ ಕಾಲಿಗೆ ತಾಗಿ ನಿಲ್ಲುವ ಅಂಚಿನ) ಕಡೆಗೆ ಸ್ವಲ್ಪ ಸರಿದಿರುತ್ತದೆ. ತುದಿ ಮೊನಚು ಮಾಡಿದ ಮರದ ಗೂಟವನ್ನು ಹೊಡೆದಾಗ ಅದು ಎರಡೂ ತೂತುಗಳನ್ನು ಸಾಲಿಗೆ ತರಲು ಹೋಗಿ ಜೋಡಣೆಯನ್ನು ಬಿಗಿಯಾಗಿ ಎಳೆದುಕೊಳ್ಳುತ್ತದೆ. ಕ್ಲ್ಯಾಂಪ್ ಬೇಡ, ಅಂಟೂ ಬೇಕಿಲ್ಲ. ಸ್ಟೂಲ್ ಪೂರ್ತಿ ಮಾಡಿ ತಂದಿದ್ದರೆ ಹೊರಗೆ ನಾಲ್ಕು ದುಂಡನೆ ಚುಕ್ಕಿ ಕಾಣುತ್ತಿದ್ದವು, ಅಷ್ಟೇ. ನಾನು ಅದನ್ನು ಅಲಂಕಾರ ಅಂದುಕೊಂಡು ಮುಂದೆ ಹೋಗುತ್ತಿದ್ದೆ. ಅವರು ಬಿಚ್ಚಿ ತೋರಿಸಿದ್ದಕ್ಕೆ ನನ್ನ ಮುಚ್ಚಳಕ್ಕೆ ಆ ವಿದ್ಯೆ ಬಂತು. ನನ್ನ ಚೌಕಟ್ಟು 18 ಮಿ.ಮೀ. ದಪ್ಪ, ನಾಲಗೆ ಅದರ ಮೂರನೇ ಒಂದು ಪಾಲು, ಅಂದರೆ 6 ಮಿ.ಮೀ. ಉಳಿಯ ಅಗಲವೂ ಅಷ್ಟೇ ಇರುವುದರಿಂದ ಕೆಲಸ ಹಗುರ.

ತೇಗಕ್ಕೆ ಹತ್ತರಿ (ಮರದ ಮೈ ಹೆರೆಯುವ ಉಪಕರಣ) ಹೊಡೆಯುವಾಗ ಅಲಗು ಬೇಗ ಮೊಂಡಾಗುತ್ತದೆ. ಅದರಲ್ಲಿರುವ ಸಿಲಿಕಾ ಕಾರಣ. ಅಲಗಿನ ಓರೆ 25 ಡಿಗ್ರಿ, ತುದಿಯಲ್ಲಿ ಮಾತ್ರ 30 ಡಿಗ್ರಿಗೆ ಸಾಣೆ ಹಿಡಿಯುತ್ತೇನೆ. ಮತ್ತೆ ಮತ್ತೆ ಸಾಣೆಗೆ ಹೋಗಬೇಕಾದರೂ ಸ್ಯಾಂಡ್ ಪೇಪರ್‌ಗಿಂತ ಹತ್ತರಿಯೇ ನನಗೆ ಇಷ್ಟ. ಮೈ ಹೊಳಪಾಗಿ ಬರುತ್ತದೆ, ಧೂಳೂ ಕಡಿಮೆ. ಮರದ ಧೂಳನ್ನು ಕ್ಯಾನ್ಸರ್ ತರುವ ವಸ್ತು ಅಂತ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1995ರಲ್ಲೇ ಮೊದಲ ಗುಂಪಿಗೆ ಸೇರಿಸಿದೆ. ಉಜ್ಜಲೇಬೇಕಾದಾಗ ದಯವಿಟ್ಟು ಒಳ್ಳೆಯ ಮಾಸ್ಕ್ ಹಾಕಿಕೊಳ್ಳಿ.

ಒಳಗೆ ಉಳಿ ನಿಲ್ಲಿಸುವ ಪಟ್ಟಿಯೂ ತೇಗದ್ದೇ. ಓಕ್‌ನಂಥ ಮರ ಕಬ್ಬಿಣಕ್ಕೆ ತಾಗಿದರೆ ತುಕ್ಕು ಹಿಡಿಸುತ್ತದೆ, ತೇಗ ಹಾಗೆ ಮಾಡುವುದಿಲ್ಲ. ಒಳಮೈಗೆ ಅರಗಿನಿಂದ ಮಾಡಿದ ಶೆಲ್ಲಾಕ್ ಮಾತ್ರ ಹಚ್ಚುತ್ತೇನೆ. ಅಗಸೆ ಎಣ್ಣೆ ಹಚ್ಚಿದರೆ ಮುಚ್ಚಿದ ಪೆಟ್ಟಿಗೆಯಲ್ಲಿ ಅದರ ವಾಸನೆ ತಿಂಗಳುಗಟ್ಟಲೆ ಹೋಗುವುದಿಲ್ಲ. ಹೊರಮೈಗೆ ಅಗಸೆ ಎಣ್ಣೆ. ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಎಸೆಯಬೇಡಿ. ಆ ಎಣ್ಣೆ ಒಣಗುವಾಗ ಬಿಸಿಯಾಗುತ್ತದೆ, ಮುದ್ದೆಯೊಳಗೆ ಬಿಸಿ ಸೇರಿಕೊಂಡು ತಾನಾಗಿಯೇ ಬೆಂಕಿ ಹೊತ್ತಿಕೊಳ್ಳಬಹುದು. ಹರಡಿ ಒಣಗಿಸಿ, ಇಲ್ಲವೇ ನೀರಿನಲ್ಲಿ ಮುಳುಗಿಸಿಡಿ.

ನೀವೂ ನಿಮ್ಮ ಕೆಲಸ ತೋರಿಸುವಾಗ ಬೆಳಕನ್ನು ಪಕ್ಕದಿಂದ ಬೀಳಿಸಿ. ಎದುರಿನ ಬೆಳಕಿನಲ್ಲಿ ಏರುತಗ್ಗು, ಹತ್ತರಿಯ ಗುರುತು ಏನೂ ಕಾಣುವುದಿಲ್ಲ. ಮರ ಯಾವುದು, ದಪ್ಪ ಎಷ್ಟು ಅಂತ ಬರೆಯಿರಿ. ‘ಹೇಗಿದೆ’ ಅಂತ ಸುಮ್ನೆ ಕೇಳುವ ಬದಲು ನಿಮಗೆ ಅನುಮಾನವಿರುವ ಜಾಗವನ್ನೇ ಬೆರಳಿಟ್ಟು ತೋರಿಸಿದರೆ ಉತ್ತರವೂ ಹಾಗೇ ಬರುತ್ತದೆ.

ನನ್ನ ಅನುಮಾನ ಹಿಡಿಗಳ ಬಗ್ಗೆ. ಹಲಗೆ 14 ಮಿ.ಮೀ. ಮಾತ್ರ. ಅದರಲ್ಲೇ ಬೆರಳು ಹಿಡಿಯುವಂತೆ ಕೊರೆದರೆ ಗೋಡೆ ತೆಳುವಾಗುತ್ತದೆ. ಹೊರಗೆ ಮರದ ತುಂಡು ಕೂರಿಸಬೇಕೆಂದರೆ ಅದರ ಎಳೆ ಹಲಗೆಯ ಎಳೆಯ ದಿಕ್ಕಿನಲ್ಲೇ ಇರಬೇಕು, ಆಗ ಎರಡೂ ಒಟ್ಟಿಗೆ ಹಿಗ್ಗುತ್ತವೆ. ನನಗೆ ಎರಡನೆಯದೇ ಸರಿ ಅನ್ನಿಸುತ್ತಿದೆ. ಆದರೆ ತುಂಬಿದ ಪೆಟ್ಟಿಗೆಯ ಭಾರಕ್ಕೆ ಅಂಟೊಂದೇ ಸಾಕಾ, ಒಳಗಿನಿಂದ ಸ್ಕ್ರೂ ಕೂಡ ಬೇಕಾ? ಇಂಥ ಹಿಡಿ ಮಾಡಿ ವರ್ಷಗಟ್ಟಲೆ ಬಳಸಿದವರು ಹೇಳಿ. ಸ್ಕ್ರೂ ಬೇಕೆಂದಾದರೆ ಪೆಟ್ಟಿಗೆ ಬಿಚ್ಚಿರುವಾಗಲೇ ತೂತು ಹಾಕುವುದು ಸುಲಭ. ಅಲ್ಲಿಯವರೆಗೆ ಅಂಟಿನ ಡಬ್ಬಿ ತೆರೆಯುವುದಿಲ್ಲ.