ಒಂದೇ ಕಟ್ಟು ಇಸ್ಪೀಟಿನಲ್ಲಿ ಅರ್ಧ ತಾಸು

ಪಾರಿವಾಳ ಬೇಡ, ಗರಗಸ ಬೇಡ, ಹೊಗೆ ಬೇಡ. ಬರೀ 52 ಇಸ್ಪೀಟು ಎಲೆ ಹಿಡಿದು ಜಾದೂಗಾರನೊಬ್ಬ ಜನರನ್ನು ಅರ್ಧ ತಾಸು ಕೂರಿಸಿಕೊಳ್ಳಬಹುದೇ? ಶಿರಸಿ, ಸಿದ್ದಾಪುರ, ಹೊನ್ನಾವರದ ಕಡೆಯವರು ಇದನ್ನು ಕೇಳಲೇಬಾರದು. ಯಕ್ಷಗಾನವನ್ನು ಕೂತು ಮಾತಿನಲ್ಲೇ ಆಡುವ ತಾಳಮದ್ದಲೆಯಲ್ಲಿ ಏನಿರುತ್ತದೆ? ವೇಷವಿಲ್ಲ, ಕಿರೀಟವಿಲ್ಲ, ಕುಣಿತವಿಲ್ಲ. ಭಾಗವತರ ಪದ, ಮದ್ದಲೆ, ಚಂಡೆ, ಪಂಚೆ ಉಟ್ಟು ಶಾಲು ಹೊದ್ದು ಕೂತ ನಾಲ್ಕೈದು ಅರ್ಥಧಾರಿಗಳು. ಆದರೂ ಕೃಷ್ಣ ಸಂಧಾನ ನಡುರಾತ್ರಿ ದಾಟಿದರೂ ಎದ್ದು ಹೋಗುವವರಿಲ್ಲ. ಅದೇ ಪ್ರಸಂಗಕ್ಕೆ ಮಾತು ಬಾರದವನನ್ನು ಕೃಷ್ಣನಾಗಿ ಕೂರಿಸಿ, ಹತ್ತೇ ನಿಮಿಷದಲ್ಲಿ ಜನ ಚಾ ಕುಡಿಯಲು ಏಳುತ್ತಾರೆ. ಇಸ್ಪೀಟಿನ ಜಾದೂ ಅಂದರೆ ಜಾದೂವಿನ ತಾಳಮದ್ದಲೆ. ಸಾಮಾನು ಕಡಿಮೆಯಾದಷ್ಟೂ ಮಾತಿನ ಮೇಲೆ ಭಾರ ಹೆಚ್ಚು.

ಎಲೆಗಳಿಂದಲೇ ಬದುಕಿದವರನ್ನು ನೋಡಿದರೂ ಇದೇ ಕಾಣುತ್ತದೆ. ಅಮೆರಿಕದ ರಿಕಿ ಜೇ 1994ರಲ್ಲಿ ನ್ಯೂಯಾರ್ಕಿನ ಸಣ್ಣ ರಂಗಮಂದಿರದಲ್ಲಿ ತಾನು ಮತ್ತು ತನ್ನ 52 ಸಹಾಯಕರು ಎಂಬ ಹೆಸರಿನಲ್ಲಿ ಇಡೀ ಸಂಜೆಯ ಪ್ರದರ್ಶನ ಕೊಟ್ಟ. ನಿರ್ದೇಶಕ ನಾಟಕಕಾರ ಡೇವಿಡ್ ಮ್ಯಾಮೆಟ್, ಸಹಾಯಕರು ಯಾರೆಂದು ಹೇಳಬೇಕಿಲ್ಲ. ಎಲೆ ಎಸೆದು ಕಲ್ಲಂಗಡಿ ಸಿಪ್ಪೆಗೆ ನಾಟಿಸುತ್ತಿದ್ದ, ಸರಿ. ಆದರೆ ಜನ ಕೂತದ್ದು ಹಳೇ ಜೂಜುಕೋರರ, ಮೋಸಗಾರರ ಕತೆಗಳನ್ನು ಅವನು ಹೇಳುತ್ತಿದ್ದ ಬಗೆಗೆ. ಅರ್ಜೆಂಟೀನಾದ ರೆನೆ ಲಾವಾಂಡ್ (1928–2015) ಚಿಕ್ಕಂದಿನಲ್ಲೇ ಬಲಗೈ ಕಳೆದುಕೊಂಡವನು. ಎಡಗೈ ಒಂದರಲ್ಲೇ ನಾಲ್ಕಾರು ಎಲೆ ಇಟ್ಟು, ಕತೆ ಹೇಳುತ್ತ, ಅದೇ ಆಟವನ್ನು ಮತ್ತೂ ನಿಧಾನ, ಮತ್ತೂ ನಿಧಾನವಾಗಿ ಮಾಡಿ ತೋರಿಸುತ್ತಿದ್ದ. ಇನ್ನೊಂದು ಕಡೆ ಕಾರ್ಡಿನಿ. ಬರಿಗೈಯಲ್ಲಿ ಎಲೆಗಳನ್ನು ಬೀಸಣಿಗೆಯಂತೆ ಹುಟ್ಟಿಸುವುದರಲ್ಲಿ ಅವನಿಗೆ ಸಮನಿರಲಿಲ್ಲ, ಆದರೆ ಅವನದು ಮೂಕ ಆಟ. ಆಮೇಲೆ ಸಿಗರೇಟು, ಬಿಲಿಯರ್ಡ್ ಚೆಂಡು ಹೊರಬರಲೇಬೇಕಿತ್ತು. ಬಾಯಿ ಮುಚ್ಚಿಕೊಂಡು ಎಲೆಗಳಲ್ಲೇ ಕೊನೆಯವರೆಗೆ ಹೋಗುವುದು ಅಂಥವನಿಗೂ ಬೇಡವಾಯಿತು.

ನಮ್ಮಲ್ಲಿ ಆಟ ಕೆಡುವುದು ಬಹುಪಾಲು ಒಂದೇ ವಾಕ್ಯದಿಂದ: "ಒಂದು ಎಲೆ ತೆಗೀರಿ." ಮೊದಲ ಸಲ ಚೆಂದ. ಎರಡನೇ ಸಲ ನಡೆಯುತ್ತದೆ. ಮೂರನೇ ಸಲಕ್ಕೆ ಹಿಂದಿನ ಸಾಲಿನ ಅಜ್ಜ "ತಮಾ, ಗೊತ್ತಾತು, ಮತ್ತೆ ಹುಡುಕಿ ಕೊಡ್ತೆ" ಅನ್ನುತ್ತಾನೆ. ಅವನ ಮಾತು ನಿಜ. ಕೈಚಳಕ ಮೂರು ಬೇರೆ ಬೇರೆ ಇರಬಹುದು, ನೋಡುವವನ ಲೆಕ್ಕಕ್ಕೆ ಮೂರೂ ಒಂದೇ ಆಟ: ಎಲೆ ತೆಗೆದರು, ಕಲೆಸಿದರು, ಸಿಕ್ಕಿತು. ಹುಡುಕುವ ಆಟ ಅರ್ಧ ತಾಸಿಗೆ ಎರಡೇ ಸಾಕು. ಉಳಿದದ್ದು ಬೇರೆ ಜಾತಿಯದಾಗಿರಲಿ. ನಡುವೆ ಸೇರಿಸಿದ ಎಲೆ ಮತ್ತೆ ಮತ್ತೆ ಮೇಲೇರಿ ಬರುವುದು, ಪ್ರೇಕ್ಷಕರ ಮುಷ್ಟಿಯೊಳಗೇ ಎಲೆ ಬದಲಾಗುವುದು, ಮೊದಲೇ ಲಕೋಟೆಯಲ್ಲಿ ಬರೆದಿಟ್ಟ ಎಲೆಯನ್ನೇ ಅವರು ಹೆಸರಿಸುವುದು, ಹರಿದ ಎಲೆ ಕೂಡುವುದು. ಮೇಲೇರುವ ಎಲೆಯ ಆಟದಿಂದಲೇ ಜಾದೂಗಾರ ಡೈ ವರ್ನನ್ 1922ರಲ್ಲಿ ಶಿಕಾಗೋದಲ್ಲಿ ಹುಡಿನಿಯನ್ನು ಸೋಲಿಸಿದ್ದು. ಯಾವ ಆಟವನ್ನಾದರೂ ಮೂರು ಸಲ ನೋಡಿದರೆ ಗುಟ್ಟು ಹೇಳುತ್ತೇನೆ ಎನ್ನುತ್ತಿದ್ದವನು ಹುಡಿನಿ. ಆದರೂ ಮನೆಯಂಗಳದಲ್ಲಿ ಆ ಆಟವನ್ನು ಮೂರು ಸಲಕ್ಕಿಂತ ಹೆಚ್ಚು ಏರಿಸಬೇಡಿ. ನಾಲ್ಕನೆಯದಕ್ಕೆ ಜನ ಎಲೆ ಬಿಟ್ಟು ನಿಮ್ಮ ಹೆಬ್ಬೆರಳು ನೋಡತೊಡಗುತ್ತಾರೆ.

ಬೇಸರ ಎಲ್ಲಿಂದ ಬರುತ್ತದೆಂದು ನೋಡಲು ಎಲ್ಲರಿಗೂ ಗೊತ್ತಿರುವ 21 ಎಲೆಯ ಆಟವೇ ಸಾಕು. ಏಳೇಳರ ಮೂರು ಸಾಲು, ಯಾವ ಸಾಲಿನಲ್ಲಿದೆ ಹೇಳಿ, ಆ ಸಾಲನ್ನು ನಡುವೆ ಇಡು, ಹೀಗೆ ಮೂರು ಸಲ, ಕೊನೆಗೆ ಹನ್ನೊಂದನೆಯದೇ ಅವರ ಎಲೆ. ಲೆಕ್ಕ ಎಂದೂ ತಪ್ಪುವುದಿಲ್ಲ. ಆದರೆ ಹಂಚಬೇಕಾದ್ದು 21ರಂತೆ ಮೂರು ಸಲ, ಒಟ್ಟು 63 ಎಲೆ. ಸೆಕೆಂಡಿಗೆ ಒಂದರಂತೆ ಹಾಕಿದರೂ ಒಂದು ನಿಮಿಷಕ್ಕೂ ಮೇಲೆ ಬರೀ ಹಂಚುವುದೇ ಆಯಿತು. ಅದೇ ಆಟ ಒಂಬತ್ತು ಎಲೆಗಳಲ್ಲಿ ಎರಡೇ ಸುತ್ತಿಗೆ ಮುಗಿಯುತ್ತದೆ: ಮೂರು ಮೂರರ ಮೂರು ಸಾಲು, ಹೇಳಿದ ಸಾಲು ಪ್ರತಿಸಲ ನಡುವೆ, ಕೊನೆಗೆ ಐದನೆಯ ಎಲೆ. ಹದಿನೆಂಟು ಎಲೆ ಹಂಚಿದರೆ ಕೆಲಸ ಮುಗಿಯಿತು.

ಇನ್ನೊಂದು ತೊಡಕು ಹೆಸರಿನದು. ಇಪ್ಪತ್ತೆಂಟು, ರಮ್ಮಿ ಆಡುವವರಿಗೆ ಇಸ್ಪೀಟು, ಕ್ಲಾವರ್, ಆಟೀನ್, ಡೈಮನ್ ಎಂಬ ನಾಲ್ಕು ಜಾತಿಯ ಎಲೆಗಳ ಹೆಸರು ನಾಲಿಗೆ ತುದಿಯಲ್ಲಿರುತ್ತವೆ. ಆಡದ ಹೆಂಗಸರಿಗೆ, ಮಕ್ಕಳಿಗೆ ಕ್ಲಾವರ್ ಯಾವುದು ಇಸ್ಪೀಟು ಯಾವುದೆಂದು ತಿಳಿಯದು. ನೆನಪಿಟ್ಟುಕೊಳ್ಳಿ ಎಂದು ತೋರಿಸಿದ ಎಲೆಯನ್ನು ಅವರು ಮರೆಯುತ್ತಾರೆ, ಕೊನೆಗೆ "ಇದೇನಾ?" ಎಂದರೆ "ಇರ್ಬೇಕು" ಅನ್ನುತ್ತಾರೆ. ಇಡೀ ಆಟಕ್ಕೆ ಅಲ್ಲೇ ಮಣ್ಣು. ಆದ್ದರಿಂದ ಎಲೆಯನ್ನು ಪಕ್ಕದ ಇಬ್ಬರಿಗೂ ತೋರಿಸಲು ಹೇಳಿ, ಅಥವಾ ಮಾರ್ಕರ್ ಕೊಟ್ಟು ಎಲೆಯ ಮುಖದ ಮೇಲೆ ಹೆಸರು ಬರೆಸಿ. ನುಣುಪು ಎಲೆಯ ಮೇಲೆ ಶಾಯಿ ಆರಲು ಹತ್ತು ಸೆಕೆಂಡಾದರೂ ಬಿಡಬೇಕು. ಮಳೆಗಾಲದಲ್ಲಿ ಅದರ ಎರಡರಷ್ಟು ಬಿಡಿ, ಇಲ್ಲವಾದರೆ ಮೇಲಿನ ಎಲೆಯ ಬೆನ್ನಿಗೆ ಕಲೆ ಕೂರುತ್ತದೆ. ದೇವಸ್ಥಾನದ ಪೌಳಿ, ಶಾಲೆಯ ಸಭಾಂಗಣ ಅಂದರೆ ಮೂರೆಲೆ ಹಂಚಿ ಮೂರೂ ಎಕ್ಕ ತೋರಿಸುವ ಜೂಜಿನ ಆಟ ಬಿಟ್ಟುಬಿಡಿ. ಕಟ್ಟು ನೋಡಿದ ಕೂಡಲೇ ಅಂದರ್ ಬಾಹರ್ ನೆನೆಸಿ ಮುಖ ಗಂಟಿಕ್ಕುವವರು ಅಲ್ಲಿ ಇದ್ದೇ ಇರುತ್ತಾರೆ.

ಇಸ್ಪೀಟಿನ ನಿಜವಾದ ಗಡಿ ದೂರ. ಕಣ್ಣಿನ ಡಾಕ್ಟರರ ಲೆಕ್ಕದಲ್ಲಿ 6/6 ದೃಷ್ಟಿ ಅಂದರೆ 6 ಮೀಟರಿನಿಂದ ಸುಮಾರು 8.7 ಮಿಲಿಮೀಟರ್ ಎತ್ತರದ ಅಕ್ಷರ ಓದುವುದು. ಎಲೆಯ ಮೂಲೆಯ ಅಂಕೆಯೂ ಹೆಚ್ಚುಕಡಿಮೆ ಅದೇ ಅಳತೆಯದು. ಒಳ್ಳೆಯ ಕಣ್ಣು, ಒಳ್ಳೆಯ ಬೆಳಕು, ಅಲುಗದ ಎಲೆ ಮೂರೂ ಇದ್ದರೆ ಇಪ್ಪತ್ತು ಅಡಿ. ಚಪ್ಪರದ ಟ್ಯೂಬ್‌ಲೈಟಿನಲ್ಲಿ, ಕೈಯಲ್ಲಿ ಅಲುಗುವ ಎಲೆಗೆ ಹನ್ನೆರಡು ಹದಿಮೂರು ಅಡಿ ಎಂದು ಹಿಡಿಯುವುದೇ ಕ್ಷೇಮ. ಹತ್ತು ಜನರ ನಾಲ್ಕು ಸಾಲು, ಮುಂದಿನ ಎರಡು ಕಂಬಳಿ ಮೇಲೆ, ಹಿಂದಿನ ಎರಡು ಕುರ್ಚಿಯಲ್ಲಿ. ನಲವತ್ತು ಮಂದಿಗಿಂತ ಹೆಚ್ಚಾದರೆ ಸಾಮಾನ್ಯ ಎಲೆ ಸಾಲದು. ಎರಡರಷ್ಟು ಉದ್ದಗಲದ ಜಂಬೋ ಎಲೆ ಸಿಗುತ್ತದೆ, ಆದರೆ ಅದನ್ನು ಅಂಗೈಯಲ್ಲಿ ಮುಚ್ಚಲಾಗದು, ಕಲೆಸಲೂ ಕಷ್ಟ. ಕೊನೆಯಲ್ಲಿ ಉತ್ತರ ತೋರಿಸಲಷ್ಟೇ ಇಟ್ಟುಕೊಳ್ಳಿ.

ಶಾಲೆಯಲ್ಲಿ ಮುನ್ನೂರು ಮಕ್ಕಳಿದ್ದರೆ ಮೊಬೈಲನ್ನು ಪ್ರೊಜೆಕ್ಟರಿಗೆ ಜೋಡಿಸುತ್ತಾರೆ. ಜೋಡಿಸಿ, ಆದರೆ ತಂತಿಯಿಂದ. ವೈಫೈಯಲ್ಲಿ ಚಿತ್ರ ತಡವಾಗಿ ಬಂದು ಬಾಯಿ ಒಂದು ಕಡೆ, ಕೈ ಒಂದು ಕಡೆ ಆಗುತ್ತದೆ. ಮೊಬೈಲನ್ನು ತಲೆಯ ಮೇಲಿಂದ ಕೆಳಮುಖವಾಗಿ ಕಟ್ಟಬೇಡಿ. ಮುಚ್ಚಿಡಬೇಕಾದ್ದೆಲ್ಲ ಅಲ್ಲಿಂದಲೇ ಕಾಣುವುದು. ಮುಂದಿನ ಸಾಲಿನವರ ಕಣ್ಣಿನ ಎತ್ತರದಲ್ಲಿ ಸ್ಟ್ಯಾಂಡಿಗೆ ಹಾಕಿ, ಮೇಜಿಗೆ ಕಪ್ಪು ಅಥವಾ ಕಡು ಹಸಿರು ಬಟ್ಟೆ ಹಾಸಿ, ಫೋಕಸ್ಸನ್ನೂ ಬೆಳಕನ್ನೂ ಲಾಕ್ ಮಾಡಿ. ಮಾಡದಿದ್ದರೆ ಬಿಳಿ ಎಲೆ ಎದುರು ಬಂದಾಗೆಲ್ಲ ಮೊಬೈಲು ಬೆಳಕು ಹೊಂದಿಸಲು ಹೋಗಿ ಒಮ್ಮೆ ಕೈ ಕಪ್ಪಾಗುತ್ತದೆ, ಒಮ್ಮೆ ಎಲೆಯ ಅಂಕೆಯೇ ಮಾಯ. ಮೇಜಿನ ಮೇಲಿನ ಫ್ಯಾನು ಆಫ್. ಕಾರವಾರದ ಕಡಲ ತೀರದಲ್ಲಿ ಕಾರ್ಯಕ್ರಮವೆಂದರೆ ಎಲೆ ಮರೆತುಬಿಡಿ, ಮಧ್ಯಾಹ್ನ ಮೇಲಿನ ಕಡಲಗಾಳಿಗೆ ಯಾವ ಕೈಚಳಕವೂ ನಿಲ್ಲದು.

ಕರಾವಳಿಯ ಮಳೆಗಾಲ ಎಲೆಗಳ ಶತ್ರು. ಒಳ್ಳೆಯ ಎಲೆ ಅಂದರೆ ಎರಡು ಕಾಗದವನ್ನು ಅಂಟಿಸಿ ಮಾಡಿದ್ದು. ಮೇಲೆ ಲೇಪವಿದ್ದರೂ ಕತ್ತರಿಸಿದ ಅಂಚು ತೆರೆದೇ ಇರುತ್ತದೆ, ತೇವ ನುಗ್ಗುವುದು ಅಲ್ಲಿಂದ. ಜೂನಿನಲ್ಲಿ ಡಬ್ಬಿ ಬಿಚ್ಚಿಟ್ಟ ಕಟ್ಟು ಅಂಚಿನಲ್ಲಿ ಉಬ್ಬುತ್ತದೆ, ಹಪ್ಪಳದಂತೆ ಬಾಗುತ್ತದೆ. ಬೀಸಣಿಗೆ ಬಿಡಿಸಿದರೆ ನಾಲ್ಕು ನಾಲ್ಕು ಎಲೆ ಗುಂಪಾಗಿ ಬರುತ್ತವೆ. ಎರಡು ಎಲೆ ಎತ್ತಬೇಕಾದಲ್ಲಿ ಮೂರು ಅಂಟಿಕೊಂಡು ಬರುತ್ತವೆ. ಕಟ್ಟನ್ನು ಸರಿಯಾಗಿ 26ಕ್ಕೆ ಒಡೆದು, ಎಲೆಗೆ ಎಲೆ ಹೆಣೆದಂತೆ, ಮೇಲಿನ ಎಲೆ ಮೇಲೇ ಉಳಿಯುವಂತೆ ಎಂಟು ಸಲ ಕಲೆಸಿದರೆ ಮೊದಲಿನ ಕ್ರಮವೇ ತಿರುಗಿ ಬರುತ್ತದೆ. ಉಬ್ಬಿದ ಅಂಚಿನಲ್ಲಿ ಆ ಹೆಣಿಗೆ ಕೂರುವುದೇ ಇಲ್ಲ, ಜುಲೈಯಲ್ಲಿ ಅದನ್ನು ನಂಬಿದ ಆಟ ಇಟ್ಟುಕೊಳ್ಳಬೇಡಿ. ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿ, ಒಳಗೆ ಸಿಲಿಕಾ ಜೆಲ್ ಪೊಟ್ಟಣ, ಅರ್ಧ ತಾಸಿನ ಆಟಕ್ಕೆ ಒಂದೇ ಬಣ್ಣದ ಎರಡು ಕಟ್ಟು; ಹದಿನೈದು ನಿಮಿಷಕ್ಕೆ ಒಂದನ್ನು ಬದಲಿಸಿ. ಮುಖದ ಪೌಡರ್ ಹಾಕಿ ಜಾರಿಸಲು ಹೋದರೆ ಬೆವರಿಗೆ ಹಿಟ್ಟಾಗುತ್ತದೆ. ಪ್ಲಾಸ್ಟಿಕ್ ಎಲೆ ಉಬ್ಬುವುದಿಲ್ಲ, ಒದ್ದೆ ಬಟ್ಟೆಯಲ್ಲಿ ಒರೆಸಲೂಬಹುದು. ಆದರೆ ಬೆವರಿನ ಕೈಯಲ್ಲಿ ಒಂದಕ್ಕೊಂದು ಅಂಟುವುದು ಅದಕ್ಕೂ ತಪ್ಪಿದ್ದಲ್ಲ. ಇನ್ನು ಮದುವೆಮನೆಯಲ್ಲಿ ಊಟಕ್ಕೆ ಮೊದಲೇ ಆಟ ಮುಗಿಸುವುದು ಜಾಣತನ. ತುಪ್ಪ ಹಾಕಿದ ಹೋಳಿಗೆ ತಿಂದು ಬಂದ ಕೈಗೆ ಒಮ್ಮೆ ಕೊಟ್ಟ ಕಟ್ಟು ಮತ್ತೆ ಕೆಲಸಕ್ಕೆ ಬರುವುದಿಲ್ಲ.

ದೂರದ ತೊಡಕಿಗೂ ಬೇಸರಕ್ಕೂ ಒಟ್ಟಿಗೇ ಮದ್ದು, ಆಟವನ್ನು ಪ್ರೇಕ್ಷಕರ ಕೈಯಲ್ಲೇ ನಡೆಸುವುದು. ಅಮೆರಿಕದ ಜಿಮ್ ಸ್ಟೈನ್‌ಮೇಯರ್ ರೂಪಿಸಿದ ಒಂಬತ್ತು ಎಲೆಯ ಆಟವೊಂದಿದೆ. ಎಲೆಯ ಇಂಗ್ಲಿಷ್ ಹೆಸರನ್ನು ಅಕ್ಷರ ಅಕ್ಷರವಾಗಿ ಹೇಳುತ್ತ ಎಲೆ ಇಳಿಸುವುದು. ಇಂಗ್ಲಿಷ್ ಕಾಗುಣಿತ ನಮ್ಮ ಅಂಗಳದಲ್ಲಿ ನಡೆಯದು, ಆದರೆ ಅದರ ಲೆಕ್ಕ ನಮ್ಮ ಉತ್ತರ ಕನ್ನಡ ಜಿಲ್ಲೆಗೆ ಅಳತೆ ತೆಗೆದು ಹೊಲಿಸಿದಂತೆ ಕೂರುತ್ತದೆ.

ಐದು ಜನರನ್ನು ಆರಿಸಿ ತಲಾ ಒಂಬತ್ತು ಎಲೆ ಕೊಡಿ. ಕಲೆಸಲಿ. ಮುಖ ಕೆಳಗಾಗಿ ಮೂರು ಮೂರರ ಮೂರು ಗುಡ್ಡೆ ಮಾಡಲಿ. ಯಾವುದಾದರೂ ಒಂದು ಗುಡ್ಡೆ ಎತ್ತಿ ಅದರ ಅಡಿಯ ಎಲೆ ನೋಡಿಕೊಂಡು, ಆ ಗುಡ್ಡೆಯನ್ನು ಉಳಿದೆರಡರ ಮೇಲೆ ಇಡಲಿ. ನೋಡಿದ ಎಲೆ ಈಗ ಮೇಲಿಂದ ಮೂರನೆಯದು. ಇನ್ನು ಮುಂದೆ ಪ್ರತಿ ಪದಕ್ಕೂ ಒಂದೇ ಕ್ರಮ: ಅಕ್ಷರಕ್ಕೊಂದು ಎಲೆಯಂತೆ ಒಂದರ ಮೇಲೊಂದು ಕೆಳಗಿಳಿಸುವುದು, ಪದ ಮುಗಿದ ಮೇಲೆ ಕೈಯಲ್ಲುಳಿದದ್ದನ್ನು ಹಾಗೇ ಅದರ ಮೇಲೆ ಹಾಕುವುದು, ಎಲ್ಲ ಎತ್ತಿಕೊಳ್ಳುವುದು. ಮೊದಲು ತಮ್ಮ ಹೆಸರು. ಆಮೇಲೆ ‘ಊರು’ ಎಂಬ ಎರಡಕ್ಷರ. ಆಮೇಲೆ ತಮ್ಮ ತಾಲೂಕು, ‘ಕುಮಟಾ ತಾಲೂಕು’, ‘ಯಲ್ಲಾಪುರ ತಾಲೂಕು’ ಎಂದು ಪೂರ್ತಿಯಾಗಿ. ಕೊನೆಗೆ ಐವರೂ ಒಟ್ಟಿಗೆ, ದನಿ ಎತ್ತಿ: ತಾ, ಳ, ಮ, ದ್ದ, ಲೆ. ‘ಲೆ’ ಎಂದು ಇಳಿಸುವ ಎಲೆಯನ್ನು ತಿರುಗಿಸಿದರೆ ಅವರವರು ನೋಡಿದ ಎಲೆ.

ಹೆಸರಿಗೆ ಮೂರಕ್ಷರವಾದರೂ ಇದ್ದರೆ ನೋಡಿದ ಎಲೆ ಅಡಿಯಿಂದ ಮೂರನೆಯದಾಗುತ್ತದೆ, ಒಂಬತ್ತರೊಳಗೆ ಹೆಸರು ಎಷ್ಟೇ ಉದ್ದವಿರಲಿ. ‘ಊರು’ ಅದನ್ನು ನಟ್ಟನಡುವಿನ ಐದನೆಯ ಜಾಗಕ್ಕೆ ತರುತ್ತದೆ. ಮುಂದಿನ ಪದಕ್ಕೆ ಐದಕ್ಷರಕ್ಕೆ ಕಡಿಮೆ ಇರಬಾರದು, ಐದು ಅಥವಾ ಹೆಚ್ಚು ಇದ್ದರೆ ಎಲೆ ಐದನೆಯದಾಗಿಯೇ ಉಳಿಯುತ್ತದೆ. ಜಿಲ್ಲೆಯ 12 ತಾಲೂಕುಗಳ ಹೆಸರೂ ಮೂರು ಇಲ್ಲವೇ ನಾಲ್ಕಕ್ಷರ, ‘ತಾಲೂಕು’ ಸೇರಿದರೆ ಆರು ಅಥವಾ ಏಳು. ಶಿರಸಿಯನ್ನು ಶಿರ್ಸಿ ಎಂದು ಎರಡಕ್ಷರಕ್ಕೆ ಇಳಿಸಿದರೂ ಐದಾಗಿ ಪಾರಾಗುತ್ತದೆ.

ತಪ್ಪುವುದು ಹೆಸರಿನಲ್ಲಿ. ರಾಮ, ಗೀತಾ, ಸಲೀಂ ಎರಡೇ ಅಕ್ಷರದವರು, ಅಲ್ಲಿ ಆಟ ಕೆಡುತ್ತದೆ. "ಇಷ್ಟು ಜನರ ಎದುರು ಬರೀ ಹೆಸರು ಹಿಡಿದು ಕರೆಯುವುದೇ?" ಎಂದು ರಾಮಣ್ಣ, ಗೀತಕ್ಕ, ಸಲೀಮಣ್ಣ ಮಾಡಿಬಿಡಿ, ಲೆಕ್ಕವೂ ಕೂಡಿತು, ಮರ್ಯಾದೆಯೂ ಉಳಿಯಿತು. ಅಡ್ಡಹೆಸರು ಸೇರಿಸಲು ಬಿಡಬೇಡಿ, ಒಂಬತ್ತು ದಾಟಿದರೆ ಎಲೆ ಸಾಲುವುದಿಲ್ಲ. ಒತ್ತಕ್ಷರ ಒಂದೇ, ಸೊನ್ನೆ ಹಿಂದಿನ ಅಕ್ಷರದೊಂದಿಗೇ ಎಂದು ಮೊದಲೇ ಹೇಳಿ. ಕೊನೆಯ ಪದದಲ್ಲಿ ‘ದ್ದ’ವನ್ನು ಒಡೆದು ಎರಡು ಮಾಡುವವರೂ ಇದ್ದಾರೆ, ಆದ್ದರಿಂದ ಅದನ್ನು ನೀವೇ ಗಟ್ಟಿಯಾಗಿ ಹೇಳಿಕೊಡಿ. ಉಳಿದದ್ದನ್ನು ಮೇಲೆ ಹಾಕುವ ಬದಲು ಅಡಿಗೆ ಸೇರಿಸುವವರು ಐವರಲ್ಲಿ ಒಬ್ಬರಾದರೂ ಸಿಗುತ್ತಾರೆ. ಅಂಥವರನ್ನು ನಡುವಿನ ಕುರ್ಚಿಯಲ್ಲಿ, ನಿಮ್ಮ ಕೈಗೆಟಕುವಲ್ಲಿ ಕೂರಿಸಿಕೊಳ್ಳಿ.

ಐದು ಒಂಬತ್ತಲೆ 45. ಏಳು ಎಲೆ ನಿಮ್ಮ ಜೇಬಿನಲ್ಲಿರುತ್ತವೆ. ಚಪ್ಪಾಳೆ ನಿಂತ ಮೇಲೆ ಉಳಿದ 45 ವಾಪಸು ಬಂದವೇ ಎಂದು ಅಲ್ಲೇ ಎಣಿಸಿ. ಎಕ್ಕಗಳನ್ನು ಕೊಡುವಾಗಲೇ ಜೇಬಿನ ಏಳರಲ್ಲಿ ಸೇರಿಸಿಟ್ಟಿರಿ, ಮಕ್ಕಳು ಮನೆಗೆ ಒಯ್ಯುವುದು ಹೆಚ್ಚಾಗಿ ಅವನ್ನೇ.