ಎಕೋ ರಿಪೋರ್ಟಲ್ಲಿ 58 ಅಂದ್ರೆ ನೂರಕ್ಕೆ ಐವತ್ತೆಂಟು ಮಾರ್ಕ್ಸ್ ಅಲ್ಲ

ಅಪ್ಪನ ಎಕೋ (ಹಾರ್ಟಿನ ಸ್ಕ್ಯಾನ್) ರಿಪೋರ್ಟು ಕೈಗೆ ಬಂದಾಗ ಡಾಕ್ಟರನ್ನ ನೋಡೋಕೆ ಇನ್ನೂ ಎರಡು ಗಂಟೆ ಇತ್ತು, ಆ ಎರಡು ಗಂಟೆ ಒಂದು ಹಾಳೆ ಇಟ್ಕೊಂಡು ನಾನೂ ಅಮ್ಮನೂ ಪಟ್ಟ ಸಂಕಟ ಬೇರೆ ಯಾರಿಗೂ ಬೇಡ ಅಂತ ಇದನ್ನ ಬರೀತಿದೀನಿ. ಮೊದ್ಲು ಕಣ್ಣಿಗೆ ಬಿದ್ದಿದ್ದು ಎಲ್‌ವಿಇಎಫ್ 58%. "ನೂರಕ್ಕೆ ಐವತ್ತೆಂಟೇನಾ, ಅರ್ಧ ಹಾರ್ಟು ಹೋಯ್ತಾ ಹಂಗಾದ್ರೆ" ಅಂತ ಅಮ್ಮ ಅಳೋಕೇ ಶುರು ಮಾಡಿದ್ಲು.

ಇಎಫ್ ಅಂದ್ರೆ ಎಜೆಕ್ಷನ್ ಫ್ರ್ಯಾಕ್ಷನ್. ಹಾರ್ಟಿನ ಎಡಗಡೆ ಕೆಳಗಿನ ಕೋಣೆ (ಅದೇ ಎಲ್‌ವಿ) ತುಂಬ್ಕೊಂಡಾಗ ಅದ್ರಲ್ಲಿ ಸುಮಾರು 120 ಎಂಎಲ್ ರಕ್ತ ಇತ್ತು ಅಂದ್ಕೊಳ್ಳಿ, ಒಂದ್ಸಲ ಹಿಂಡಿದಾಗ 70 ಎಂಎಲ್ ಹೊರಗೆ ಹೋದ್ರೆ ಅದೇ 58%. ಗಟ್ಟಿಮುಟ್ಟಾದ ಹಾರ್ಟು ಕೂಡ ಪೂರ್ತಿ ಖಾಲಿ ಆಗಲ್ಲ, 55ರಿಂದ 70ರ ಒಳಗಿದ್ರೆ ನಾರ್ಮಲ್. 40 ಅಥವಾ ಅದಕ್ಕಿಂತ ಕಡಿಮೆ ಇದ್ರೆ ಹಿಂಡೋ ಶಕ್ತಿ ಕುಗ್ಗಿದೆ ಅಂತ ಲೆಕ್ಕ. ಆಮೇಲೆ "ನೋ ಆರ್‌ಡಬ್ಲ್ಯೂಎಂಎ" ಅಂತಿತ್ತು, ಗೋಡೆಯ ಯಾವ ಭಾಗವೂ ಅಲ್ಲಾಡದೆ ಸುಮ್ನೆ ನಿಂತಿಲ್ಲ ಅಂತ ಅರ್ಥ, ಒಳ್ಳೇ ಸುದ್ದಿ. "ಟ್ರಿವಿಯಲ್ ಎಂಆರ್" ಅಂದ್ರೆ ಮೈಟ್ರಲ್ ವಾಲ್ವಿನಲ್ಲಿ ಒಂಚೂರು ಸೋರಿಕೆ, ಆರೋಗ್ಯವಾಗಿರೋ ಎಷ್ಟೋ ಜನಕ್ಕೂ ಇರತ್ತೆ. ಇಸಿಜಿಲಿ ಬರೆಯೋ "ಸೈನಸ್ ರಿದಮ್"ಗೂ ಮೂಗಿನ ಸೈನಸ್ಸಿಗೂ ಸಂಬಂಧ ಇಲ್ಲ, ಬಡಿತ ಹುಟ್ಟಬೇಕಾದ ಜಾಗದಿಂದಲೇ ಹುಟ್ತಿದೆ ಅಂತಷ್ಟೇ.

ಆದ್ರೆ ಒಂದು ಸಾಲನ್ನ ನಾವು ಗಮನಿಸ್ಲೇ ಇಲ್ಲ, ಡಯಾಸ್ಟಾಲಿಕ್ ಡಿಸ್‌ಫಂಕ್ಷನ್ ಗ್ರೇಡ್ 2. ಹಾರ್ಟು ಹಿಂಡಿದ ಮೇಲೆ ಸಡಿಲ ಆಗಿ ಮತ್ತೆ ತುಂಬ್ಕೋಬೇಕಲ್ವಾ, ಆ ಸಡಿಲ ಆಗೋ ಕೆಲಸದಲ್ಲಿ ತೊಂದ್ರೆ, ಬಿಪಿ ಬಹಳ ವರ್ಷದಿಂದ ಇರೋರಲ್ಲಿ ಹೀಗಾಗತ್ತೆ. ತುಂಬ್ಕೊಳ್ಳೋವಾಗ ಒಳಗೆ ಒತ್ತಡ ಜಾಸ್ತಿ ಆಗಿ ಅದು ಹಿಂದಕ್ಕೆ ಶ್ವಾಸಕೋಶದ ಕಡೆ ಹೋಗತ್ತೆ, ಅದಕ್ಕೇ ಏದುಸಿರು. ಅಂದ್ರೆ ಇಎಫ್ ಚೆನ್ನಾಗಿದ್ರೂ ಹಾರ್ಟ್ ಫೇಲ್ಯೂರ್ ಇರಬಹುದು! ಈ ಫೇಲ್ಯೂರ್ ಅನ್ನೋ ಪದ ಕೇಳಿದ ತಕ್ಷಣ ಹಾರ್ಟು ನಿಂತೇ ಹೋಯ್ತು ಅನ್ಸತ್ತೆ, ಆದ್ರೆ ಫೇಲ್ಯೂರ್ ಅಂದ್ರೆ ಹಾರ್ಟು ತನ್ನ ಕೆಲಸ ಸರಿಯಾಗಿ ಮಾಡೋಕೆ ಆಗ್ದೆ ಒದ್ದಾಡೋದು, ನಿಂತು ಹೋಗೋದು ಕಾರ್ಡಿಯಾಕ್ ಅರೆಸ್ಟ್, ರಕ್ತನಾಳ ಕಟ್ಕೊಂಡು ಸ್ನಾಯುಗೆ ಪೆಟ್ಟಾಗೋದು ಹಾರ್ಟ್ ಅಟ್ಯಾಕ್, ಮೂರೂ ಬೇರೆ ಬೇರೆ.

ಡಾಕ್ಟರು ರಿಪೋರ್ಟ್ ನೋಡಿ ಪಕ್ಕಕ್ಕಿಟ್ಟು ಅಪ್ಪನ್ನ ಮಾತಾಡ್ಸಿದ್ರು. ಹಾರ್ಟ್ ಫೇಲ್ಯೂರ್ ದಿನದ ಓಡಾಟಕ್ಕೆ ಎಷ್ಟು ಅಡ್ಡಿ ಮಾಡ್ತಿದೆ ಅಂತ ಅಳೆಯೋಕೆ ಎನ್‌ವೈಎಚ್‌ಎ (ನ್ಯೂಯಾರ್ಕ್ ಹಾರ್ಟ್ ಅಸೋಸಿಯೇಷನ್) ಕ್ಲಾಸ್ ಅಂತ ಒಂದಿದೆ, 1928ರಿಂದ ಇರೋದು, ಅದಕ್ಕೆ ಮಷಿನ್ನೇ ಬೇಡ. ದಿನದ ಕೆಲಸಕ್ಕೆ ಏನೂ ಕಷ್ಟ ಆಗ್ತಿಲ್ಲ ಅಂದ್ರೆ 1, ಅದೇ ಕೆಲಸಕ್ಕೆ ಸುಸ್ತು ಏದುಸಿರು ಬಂದ್ರೆ 2, ಅದಕ್ಕಿಂತ ಕಡಿಮೆ ಓಡಾಟಕ್ಕೇ ಬಂದ್ರೆ 3, ಸುಮ್ನೆ ಕೂತಾಗ್ಲೂ ಇದ್ರೆ 4. ಪೇಷಂಟ್ ಏನು ಹೇಳ್ತಾರೋ ಅದರ ಮೇಲೇ ಎಲ್ಲಾ ನಿಂತಿದೆ, ನಮ್ಮಪ್ಪ "ಏನೂ ಇಲ್ಲ ಡಾಕ್ಟ್ರೇ, ಆರಾಮಾಗಿದೀನಿ" ಅಂದ್ಬಿಟ್ರು. ನಂಗೆ ಸಿಟ್ಟು ಬಂತು, ಆದ್ರೆ ಮೆಟ್ಲು ಹತ್ತೋವಾಗ ಅರ್ಧಕ್ಕೇ ನಿಂತು ಗೋಡೆ ಹಿಡ್ಕೋತಾರೆ ಅಂತ ನನ್ನ ಬಾಯಿಂದಲೂ ಬರ್ಲಿಲ್ಲ, ಅವ್ರ ಎದುರಿಗೆ ಹೇಳೋಕೆ ಏನೋ ಸಂಕೋಚ.

ಆಗ ಡಾಕ್ಟರು "ರಾತ್ರಿ ಎಷ್ಟು ದಿಂಬು ಇಟ್ಕೊಂಡು ಮಲಗ್ತೀರಾ" ಅಂತ ಕೇಳಿದ್ರು. ಅಪ್ಪ ಸುಮ್ನಾದ್ರು. ಅಮ್ಮನೇ ಹೇಳಿದ್ಲು, ಮೊದ್ಲು ಒಂದು ಸಾಕಾಗ್ತಿತ್ತು, ಈಗ ಎರಡು ತಿಂಗಳಿಂದ ಮೂರು, ಅಷ್ಟಿದ್ರೂ ಮಧ್ಯರಾತ್ರಿ ಎದ್ದು ಕೂತ್ಕೋತಾರೆ ಅಂತ. ಚಪ್ಪಟೆ ಮಲಗಿದ್ರೆ ಉಸಿರು ಕಟ್ಟೋದಕ್ಕೆ ಆರ್ಥಾಪ್ನಿಯಾ ಅಂತಾರಂತೆ. ಡಾಕ್ಟರು ಕ್ಲಾಸ್ 3 ಅಂತ ಬರ್ಕೊಂಡು ಎನ್‌ಟಿ-ಪ್ರೊಬಿಎನ್‌ಪಿ ಅನ್ನೋ ರಕ್ತ ಪರೀಕ್ಷೆ ಬರೆದುಕೊಟ್ರು, ಹಾರ್ಟಿನ ಗೋಡೆ ಜಗ್ಗಿದಾಗ ರಕ್ತದಲ್ಲಿ ಅದು ಜಾಸ್ತಿ ಆಗತ್ತೆ. ಈಗ ಮನೇಲಿ ಕ್ಯಾಲೆಂಡರ್ ಮೇಲೇ ಅಪ್ಪನ ಬೆಳಗಿನ ತೂಕ, ಪಕ್ಕದಲ್ಲಿ ಹಿಂದಿನ ರಾತ್ರಿಯ ದಿಂಬು ಎಷ್ಟು ಅಂತ ಅಮ್ಮ ಬರೀತಾಳೆ, ಮುಂದಿನ ಸಲ ಹೋಗುವಾಗ ಅದರ ಫೋಟೋ ತಗೊಂಡೇ ಹೋಗ್ತೀವಿ.