ಹೊನ್ನಾವರ ಕಡೆ ‘ಎಲ್ಲಾ ಸೇರಿ’ ಬೀಚ್ ರೆಸಾರ್ಟ್ ಬುಕ್ ಮಾಡೋ ಮುಂಚೆ, ಅದೂ ಜೂನಲ್ಲಿ, ಇದನ್ನೊಂದ್ಸಲ ಓದಿ

ತುಮಕೂರಿನೋರಿಗೆಲ್ಲ ಬಿ.ಎಚ್. ರೋಡ್ ಗೊತ್ತು, ಆದ್ರೆ ಬಿ.ಎಚ್. ಅಂದ್ರೆ ಬೆಂಗಳೂರು-ಹೊನ್ನಾವರ ಅಂತ ನನ್ನ ಮಗಳಿಗೆ ಹೇಳಿದ್ದೇ ತಪ್ಪಾಯ್ತು. ಅಪ್ಪಾ ಹಂಗಾದ್ರೆ ಈ ರೋಡಲ್ಲೇ ಹೋದ್ರೆ ಸಮುದ್ರ ಸಿಗುತ್ತಾ ಅಂತ ಶುರು ಮಾಡಿದೋಳು ಬಿಡಲೇ ಇಲ್ಲ. ಜೂನ್ ಎರಡನೇ ವಾರ ಶುಕ್ರವಾರ ಒಂದಿನ ರಜೆ ಹಾಕಿ ನಾನು, ಮನೆಯವಳು, ಮಗಳು, ಅತ್ತೆ ನಾಲ್ಕು ಜನ ಹೊರಟ್ವಿ.

ರೆಸಾರ್ಟ್ ಹೆಸರು ಬೇಡ, ಹೊನ್ನಾವರಕ್ಕೂ ಮುರುಡೇಶ್ವರಕ್ಕೂ ಮಧ್ಯೆ ಎಲ್ಲೋ ಒಂದು ಕಡೆ. ಆಫ್ ಸೀಸನ್ 40 ಪರ್ಸೆಂಟ್ ಡಿಸ್ಕೌಂಟು, ಮೂರು ಹೊತ್ತು ಊಟ, ಟೀ ಸ್ನ್ಯಾಕ್ಸು, ವಾಟರ್ ಸ್ಪೋರ್ಟ್ಸು ಎಲ್ಲಾ ಸೇರಿ ಒಬ್ಬರಿಗೆ ದಿನಕ್ಕೆ 3,900 ಅಂತ ಹಾಕಿದ್ರು. ಮೊದಲನೇ ಏಟು ಇಲ್ಲೇ ನೋಡಿ. ‘ಒಬ್ಬರಿಗೆ’ ಅಂತ ಹಾಕಿದಾಗ ಕಮ್ಮಿ ಕಾಣುತ್ತೆ, ಇಬ್ಬರದ್ದು ಸೇರಿಸಿದ್ರೆ ರೂಮು 7,800 ಆಯ್ತು, ರೂಮಿನ ರೇಟು ದಿನಕ್ಕೆ 7,500 ದಾಟಿದ್ರೆ ಜಿಎಸ್‌ಟಿ 18 ಪರ್ಸೆಂಟ್. ಅತ್ತೆಗೆ ಎಕ್ಸ್‌ಟ್ರಾ ಬೆಡ್ 1,800, ಮಗಳಿಗೆ 900, ಎರಡು ರಾತ್ರಿಗೆ ಟ್ಯಾಕ್ಸ್ ಸೇರಿ 24,780 ಮೊದಲೇ ಕಟ್ಟಿಸ್ಕೊಂಡ್ರು. ಕಟ್ಟಿ ಆದ್ಮೇಲೆ ಲೆಕ್ಕ ಹಾಕಿದೋನು ನಾನು, ಬೈಯೋದಾದ್ರೆ ನನ್ನನ್ನೇ ಬೈಬೇಕು.

ಹೋಗಿದ್ದು ತಾಳಗುಪ್ಪದ ರಾತ್ರಿ ರೈಲಲ್ಲಿ. ಅದು ಚೆನ್ನಾಗೇ ಇತ್ತು, ಕಂಪ್ಲೇಂಟ್ ಇಲ್ಲ. ತಾಳಗುಪ್ಪದಿಂದಾಚೆ ಹಳಿ ಇಲ್ಲ, ಬಸ್ಸೇ ಗತಿ, ಆ ಬಸ್ಸು ಸಾಗರದಲ್ಲೇ ತುಂಬಿಕೊಂಡು ಬರುತ್ತೆ. ನಮಗೆ ಸಿಕ್ಕಿದ್ದು ಲಾಸ್ಟ್ ಸೀಟು, ಅದೂ ಜೋಗದಲ್ಲಿ ನಾಲ್ಕು ಜನ ಇಳಿದ ಮೇಲೆ. ಮಾವಿನಗುಂಡಿ ದಾಟಿ ಗೇರುಸೊಪ್ಪೆಗೆ ಇಳಿಯೋವರೆಗೂ ತಿರುವು ಮೇಲೆ ತಿರುವು, ಹೊರಗೆ ಧೋ ಅಂತ ಮಳೆ, ಕಿಟಕಿ ಹಾಕಿದ್ರೆ ಉಸಿರು ಕಟ್ಟುತ್ತೆ ತೆಗೆದ್ರೆ ಮೈ ನೆನೆಯುತ್ತೆ, ಮೇಲಿಂದ ಟಾಪು ಬೇರೆ ಸೋರ್ತಿತ್ತು, ಕರೆಕ್ಟಾಗಿ ಅತ್ತೆ ತಲೆ ಮೇಲೆ. ಮಗಳು ಎರಡ್ಸಲ ವಾಂತಿ ಮಾಡಿದ್ಲು, ಪಕ್ಕದ ಸೀಟಿನ ಅಜ್ಜಿ ನಿಂಬೆಹಣ್ಣು ಕೊಟ್ಟು ಮೂಸ್ತಾ ಇರು ಮಗಾ ಅಂದ್ರು. ಜೋಗದಿಂದ ಹೊನ್ನಾವರ ಬರೀ 60 ಕಿಲೋಮೀಟರ್ ಅಂತ ಹೊಟ್ಟೆ ತುಂಬಾ ತಿಂದು ಹತ್ತಬೇಡಿ. ಮಕ್ಕಳಿದ್ರೆ ಮುಂದಿನ ಸೀಟು ಸಿಗೋ ಬಸ್ಸಿಗೆ ಇನ್ನೊಂದು ಗಂಟೆ ಕಾಯೋದೇ ವಾಸಿ.

ರೆಸಾರ್ಟಲ್ಲಿ ಕೈಗೆ ಹಸಿರು ಪ್ಲಾಸ್ಟಿಕ್ ಬ್ಯಾಂಡ್ ಕಟ್ಟಿದ್ರು. ಬೀಚ್ ಫ್ರಂಟ್ ಅಂದಿದ್ರಲ್ಲ, ಸಮುದ್ರ ಇತ್ತು, ಸುಳ್ಳು ಹೇಳಬಾರದು. ಕಾಂಪೌಂಡು, ಅದರಾಚೆ ಗಾಳಿಮರದ ಸಾಲು, ಅದರಾಚೆ ಕಡಲ್ಕೊರೆತಕ್ಕೆ ಸುರಿದಿರೋ ಆನೆ ಗಾತ್ರದ ಕಲ್ಲು, ಆಮೇಲೆ ಸಮುದ್ರ. ಗೇಟಿಗೆ ಬೀಗ. ಸಾರ್ ಮಳೆಗಾಲ ಅಲ್ವಾ, ಸೆಪ್ಟೆಂಬರ್ ಮುಗಿಯೋವರೆಗೂ ತೆಗೆಯಲ್ಲ ಅಂದ ಸೆಕ್ಯೂರಿಟಿ ಹುಡುಗ. ಹಂಗಾದ್ರೆ ವಾಟರ್ ಸ್ಪೋರ್ಟ್ಸು? ಅದೂ ಬಂದ್. ಬದಲಿಗೆ ಇಂಡೋರ್ ಗೇಮ್ಸ್ ಇದೆ ಅಂತ ಕ್ಯಾರಂ ಬೋರ್ಡ್ ತೋರಿಸಿದ್ರು, ಸ್ಟ್ರೈಕರ್ ಇಲ್ಲ.

ಬಂದ್ ಮಾಡಿದ್ದು ತಪ್ಪು ಅಂತ ನಾನು ಹೇಳ್ತಿಲ್ಲ. 2024ರ ಡಿಸೆಂಬರಲ್ಲಿ ಮುಳಬಾಗಿಲು ಕಡೆಯಿಂದ ಶಾಲೆ ಟ್ರಿಪ್ಪಿಗೆ ಹೋಗಿದ್ದ ನಾಲ್ಕು ಹೆಣ್ಮಕ್ಕಳು ಮುರುಡೇಶ್ವರದಲ್ಲೇ ನೀರುಪಾಲಾದ್ರು, ಅದು ಮಳೆಗಾಲಾನೂ ಅಲ್ಲ. ನಾವು ಬಯಲುಸೀಮೆಯೋರು, ಕೆರೆ ನೋಡಿ ಬೆಳೆದೋರು, ಅಲೆ ವಾಪಸ್ ಎಳೆಯೋ ಜೋರು ನಮಗೆ ಗೊತ್ತಾಗಲ್ಲ. ನನ್ನ ತಕರಾರು ಇಷ್ಟೇ, ಬೀಗ ಹಾಕೋದು ಗೊತ್ತಿದ್ದೂ ದುಡ್ಡು ತಗೊಂಡಿದ್ದಕ್ಕೆ.

ರೂಮಲ್ಲಿ ಮುಗ್ಗಲು ವಾಸನೆ, ಒಗೆದ ಟವೆಲ್ ಎರಡು ದಿನ ಆದ್ರೂ ಒಣಗಲಿಲ್ಲ, ಕರಾವಳಿ ಮಳೆಗಾಲದಲ್ಲಿ ಅದೆಲ್ಲ ಇದ್ದಿದ್ದೇ, ಅಡ್ಜಸ್ಟ್ ಮಾಡ್ಕೊಂಡ್ವಿ. ಅಡ್ಜಸ್ಟ್ ಆಗದೇ ಇದ್ದಿದ್ದು ಊಟ. ಸಮುದ್ರದ ಪಕ್ಕ ಕೂತ್ಕೊಂಡು ಪನೀರ್ ಬಟರ್ ಮಸಾಲಾ, ಗೋಬಿ ಮಂಚೂರಿ, ಜೀರಾ ರೈಸು! ಅದನ್ನ ತಿನ್ನೋಕೆ ತುಮಕೂರಿನ ನಮ್ಮ ಎಸ್.ಎಸ್. ಪುರಂ ಸಾಕಾಗಿತ್ತಲ್ಲ. ಮೀನು ಅಂತ ಇಟ್ಟಿದ್ದು ಐಸಲ್ಲಿಟ್ಟ ಬಾಸಾ, ಅಂದ್ರೆ ಸಿಹಿನೀರಲ್ಲಿ ಸಾಕಿದ ಮೀನು, ತಲೆಗೊಂದೇ ಪೀಸು, ಅದನ್ನ ಹಾಕೋಕೆ ಒಬ್ಬ ಕೈ ಬ್ಯಾಂಡ್ ನೋಡ್ಕೊಂಡು ನಿಂತಿದ್ದ. ನಮ್ಮ ಸಿದ್ಧಗಂಗೆ ಮಠದ ದಾಸೋಹದಲ್ಲಿ ದಿನಾ ಸಾವಿರಾರು ಜನ ಕೂತು ಉಣ್ತಾರೆ, ಕೈಯಲ್ಲಿ ಏನು ಕಟ್ಟಿದೆ ಅಂತ ಅಲ್ಲಿ ಯಾರೂ ನೋಡಲ್ಲ. ಟೀ ಸಂಜೆ ನಾಲ್ಕೂವರೆಯಿಂದ ಐದರವರೆಗೆ ಮಾತ್ರ, ಐದೂಕಾಲಿಗೆ ಕೇಳಿದ್ರೆ ಕಪ್ಪಿಗೆ 60. ಅತ್ತೆ ಶನಿವಾರ ಮೀನು ಮಾಂಸ ಮುಟ್ಟಲ್ಲ, ಆವತ್ತಿಗೂ ಅದೇ ರೇಟು. ಹೊರಡೋ ದಿನ ನೀರಿನ ಬಾಟ್ಲು, ಟೀ, ‘ಮೆನುವಿನಾಚೆ’ ಅಂತ ಒಂದು ಆಮ್ಲೆಟ್ಟು ಎಲ್ಲಾ ಸೇರಿ ಮತ್ತೆ 1,340. ಏನ್ರೀ ಎಲ್ಲಾ ಸೇರಿ ಅಂದಿದ್ರಲ್ಲ, ಇನ್ನೇನು ಸೇರಿಸ್ತಾರೆ ಅಂತ ಮನೆಯವಳು ಕೌಂಟರಲ್ಲೇ ಕೇಳಿದ್ಲು, ಹುಡುಗಿ ನಕ್ಕಳು ಅಷ್ಟೆ.

ಇನ್ನು ಈ ಟ್ರಿಪ್ಪಲ್ಲಿ ದುಡ್ಡಿಗೆ ಬೆಲೆ ಸಿಕ್ಕಿದ್ದು ಎಲ್ಲಿ ಅಂತ ಹೇಳ್ತೀನಿ. ಮೊದಲನೇ ದಿನ ಆ ಬಾಸಾ ನೋಡಿ ತಲೆ ಕೆಟ್ಟು, ಶನಿವಾರ ಮಧ್ಯಾಹ್ನ ಆಟೋ ಹಿಡಿದು ಹೊನ್ನಾವರದ ಹತ್ರದ ಕಾಸರಕೋಡು ಟೊಂಕದ ಕಡೆ ಹೋದ್ವಿ. ಹಾಳಾಗೋಗ್ಲಿ ಕಟ್ಟಿದ ಊಟ ಅಂತ. ಬೋರ್ಡಿಲ್ಲದ ಶೀಟಿನ ಮನೆ, ಮುಂದೆ ಎರಡು ಬೆಂಚು, ಒಳಗೆ ಒಬ್ಬ ಅಕ್ಕ, ಅವರ ಸೊಸೆ. ತಾಜಾ ಇಸ್ವಣ (ಅಂಜಲ್ ಮೀನು) ಇದೆಯಾ ಅಂತ ನಾನು ದೊಡ್ಡದಾಗಿ ಕೇಳಿದ್ರೆ ಅಕ್ಕ ನಕ್ಕುಬಿಟ್ರು. ಈಗ ಬೋಟು ಬಂದ್ ಅಲ್ದಾ, ಎಲ್ಲಿಂದ ತರೂದು ಅಂದ್ರು. ಪಶ್ಚಿಮ ಕರಾವಳೀಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಬೋಟು ಕಡಲಿಗೆ ಇಳಿಯೋ ಹಂಗಿಲ್ಲ, ಮೀನು ಮರಿ ಮಾಡೋ ಕಾಲ ಅಂತ. ನಾಡದೋಣಿಯೋರು ಮಾತ್ರ ದಡದ ಹತ್ರ ಬಲೆ ಹಾಕ್ತಾರೆ, ಅದೂ ಗಾಳಿ ಕಮ್ಮಿ ಇರೋ ದಿನ. ಇಷ್ಟು ವರ್ಷ ಮೀನು ತಿಂದಿದೀನಿ, ಇದು ತಲೆಗೇ ಬಂದಿರಲಿಲ್ಲ.

ಹಂಗಂತ ಅವರು ಬರಿ ಹೊಟ್ಟೇಲಿ ಕಳಿಸ್ಲಿಲ್ಲ. ಶರಾವತಿ ಹೊಳೆಯಿಂದ ತೆಗೆದ ಬಳಚು, ಅಂದ್ರೆ ಚಿಪ್ಪುಮೀನು, ಕಾಯಿ ಹಾಕಿ ಸುಕ್ಕ ಮಾಡಿದ್ರು. ಒಣ ಶೆಟ್ಲಿ ಚಟ್ನಿ, ಅಂದ್ರೆ ಒಣಗಿಸಿದ ಸಣ್ಣ ಸಿಗಡಿ ಹುರಿದು ಕಾಯಿ ಮೆಣಸು ಹುಳಿ ಸೇರಿಸಿ ಅರೆದಿದ್ದು, ಅದೊಂದಿದ್ರೆ ಎರಡು ತಟ್ಟೆ ಅನ್ನ ಇಳಿಯುತ್ತೆ. ಕೆಂಪು ಕುಚ್ಚಲಕ್ಕಿ ಅನ್ನ ನಮಗೆ ಅಭ್ಯಾಸ ಇಲ್ಲ, ಮುದ್ದೆ ನುಂಗಿದ ಗಂಟಲು, ಅಗಿಯೋಕೆ ಮೊದಲು ಬೇಜಾರಾಯ್ತು, ಮೂರನೇ ತುತ್ತಿಗೆ ಸರಿ ಹೋಯ್ತು. ಅತ್ತೆ ಶನಿವಾರ ಅಂದಿದ್ದಕ್ಕೆ ಬೇರೆ ಪಾತ್ರೇಲಿ ಬಸಳೆ ಪದಾರ್ಥ, ಮುರುಗಲ (ಕೋಕಂ) ಹಣ್ಣಿನ ಸಾರು ತಂದಿಟ್ರು, ಅವರ ಮನೆಗೆ ಅಂತ ಮಾಡ್ಕೊಂಡಿದ್ದದ್ದು. ಆ ಸಾರನ್ನ ಅತ್ತೆ ಲೋಟದಲ್ಲಿ ಇಸ್ಕೊಂಡು ಮೂರು ಸಲ ಕುಡಿದ್ರು, ಬೀಗರ ಮನೆ ಊಟಕ್ಕೂ ಹಿಂಗೆ ಮುಖ ಅರಳಿದ್ದು ನಾನು ನೋಡಿಲ್ಲ. ನಾಲ್ಕು ಜನಕ್ಕೆ 380 ರೂಪಾಯಿ. ಭಾನುವಾರ ರೆಸಾರ್ಟ್ ತಿಂಡಿ ಬಿಟ್ಟು ಮತ್ತೆ ಅಲ್ಲಿಗೇ ಹೋದ್ವಿ, ನೀರ್ದೋಸೆ ಸಿಕ್ತು.

ಅಲ್ಲೇ ಹತ್ರ ಕಾಸರಕೋಡಿನ ಇಕೋ ಬೀಚು, 2020ರಲ್ಲಿ ಬ್ಲೂ ಫ್ಲ್ಯಾಗ್, ಅಂದ್ರೆ ಸ್ವಚ್ಛ ಬೀಚಿಗೆ ಕೊಡೋ ಅಂತಾರಾಷ್ಟ್ರೀಯ ಮಾನ್ಯತೆ, ಸಿಕ್ಕಿದ್ದು, ನಾವು ಹೋದಾಗ ನೀರಿಗೆ ಬಿಡ್ತಿರಲಿಲ್ಲ, ಕೂತು ನೋಡೋಕೆ ಮಾತ್ರ ಚೆನ್ನಾಗಿತ್ತು. ಕಾಂಡ್ಲಾ (ಮ್ಯಾಂಗ್ರೋವ್) ಕಾಡಿನೊಳಗೆ ಮರದ ಹಲಗೆ ದಾರಿ ಇದೆ, ಮಳೇಲಿ ಜನ ಇರಲಿಲ್ಲ, ಮಗಳಿಗೆ ರೆಸಾರ್ಟ್‌ಗಿಂತ ಅದೇ ಇಷ್ಟ ಆಯ್ತು. ಮುರುಡೇಶ್ವರದ ಕ್ಯೂ ನೋಡಿ ನಾನು ಹೊರಗೇ ಕೂತೆ, ಜನ ಜಾಸ್ತಿ ಅಂದ್ರೆ ನನಗಾಗಲ್ಲ, ನಿಮಗಾಗುತ್ತೆ ಅಂದ್ರೆ ಹೋಗಿ. ಜೋಗ ವಾಪಸ್ ಬರ್ತಾ ನೋಡಿದ್ವಿ, ಬರೀ ಮಂಜು, ಸದ್ದು ಮಾತ್ರ ಕೇಳಿಸ್ತು.

ಹೋಗೋರು ಹೊನ್ನಾವರ ಪೇಟೇಲಿ ಬರೀ ರೂಮ್ ತಗೊಳ್ಳಿ, ಊಟ ಹೊರಗಿಟ್ಕೊಳ್ಳಿ. ಮೀನಿಗೋಸ್ಕರ ಹೋಗೋದಾದ್ರೆ ಆಗಸ್ಟ್‌ಗಿಂತ ಮುಂಚೆ ಬೇಡ, ನೀರಿಗಿಳಿಯೋ ಆಸೆ ಇದ್ರೆ ದೀಪಾವಳಿ ಕಳೀಲಿ. ಬುಕ್ ಮಾಡೋ ಮುಂಚೆ ಫೋನ್ ಮಾಡಿ ಬೀಚ್ ಗೇಟು ತೆಗೆದಿರುತ್ತಾ ಅಂತ ಅದೊಂದು ಕೇಳಿ.

ಬರೋವಾಗ ಅತ್ತೆ ಆ ಅಕ್ಕನ ಹತ್ರ ಎರಡು ಕೆಜಿ ಒಣ ಮೀನು ತಗೊಂಡು ರೆಸಾರ್ಟಿನ ಲಾಂಡ್ರಿ ಕವರಲ್ಲಿ ಕಟ್ಟಿಸ್ಕೊಂಡ್ರು. ತಾಳಗುಪ್ಪ ರೈಲಲ್ಲಿ ಸೀಟ್ ಕೆಳಗಿಟ್ಟಿದ್ವಿ. ಶಿವಮೊಗ್ಗ ಬರೋ ಹೊತ್ತಿಗೆ ಬೋಗಿಯೋರೆಲ್ಲ ನಮ್ಮ ಕಡೆನೇ ನೋಡ್ತಿದ್ರು, ಅತ್ತೆ ಮಾತ್ರ ಏನೂ ಗೊತ್ತಿಲ್ಲದೋರ ಥರ ಕಿಟಕಿ ಕಡೆ ತಿರುಗಿ ಕೂತಿದ್ರು.